ಬಿರುಗಾಳಿಯೂ ಮನೆಯ ಛಾವಣಿಯೂ

ಚುಂಚನಕಟ್ಟೆಯ ಬಳಿ ಕಾವೇರಿಯು ಸುಮಾರು ೬೦ ಅಡಿ ಎತ್ತರದಿಂದ ಬಂಡೆಗಳ ನಡುವೆ ಧುಮುಕುವುದನ್ನು ಈ ಪ್ರಾಂತದಲ್ಲಿ ನೋಡದವರಿಲ್ಲ. ಹೊಳೆಯು ಏರತೊಡಗಿದರೆ ಧುಮುಕುವ ನೀರಿನ ಸದ್ದೇ ಸುತ್ತಿನ ಗ್ರಾಮಗಳಿಗೆ ಎಚ್ಚರಿಕೆಯಾಗುವುದು. ೨೦೧೯ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಕಾವೇರಿ, ಲಕ್ಷ್ಮಣತೀರ್ಥ, ಕಪಿಲಾ ಈ ಮೂರೂ ತುಂಬಿ ಹರಿದಾಗ, ಕೊಡಗು ಮತ್ತು ವಯನಾಡುಗಳಲ್ಲಿ ಮಳೆ ಹಿಡಿದ ಸುದ್ದಿಯು ಮೊದಲು ಬಂದು, ನೀರು ಆಮೇಲೆ ಬಂದಿತು. ಗಂಟುಮೂಟೆ ಕಟ್ಟುವುದಕ್ಕೂ ದನಕರುಗಳನ್ನು ದಿಣ್ಣೆಗೆ ಹೊಡೆಯುವುದಕ್ಕೂ ಅಷ್ಟಿಷ್ಟು ವೇಳೆಯಿದ್ದಿತು.

ಗಾಳಿಯ ವಿಚಾರವು ಹೀಗಲ್ಲ. ಚೈತ್ರ ವೈಶಾಖಗಳ ಮಧ್ಯಾಹ್ನ ಬಿಸಿಲು ಸುಡುತ್ತಿರುವಾಗಲೇ ಪಡುವಣದಲ್ಲಿಯೋ ತೆಂಕಣದಲ್ಲಿಯೋ ಕಪ್ಪು ಮೋಡವೆದ್ದು, ಕಾಲು ಗಂಟೆಯೊಳಗಾಗಿ ದಾರಿಯ ಧೂಳನ್ನೆಲ್ಲ ಎಬ್ಬಿಸಿಕೊಂಡು ಬಿರುಗಾಳಿಯು ಊರನ್ನು ಹೊಗುವುದು. ಹತ್ತಿಪ್ಪತ್ತು ನಿಮಿಷಗಳಲ್ಲಿ ಎಲ್ಲವೂ ಮುಗಿದುಹೋಗುವುದು. ಅಷ್ಟರಲ್ಲಿ ಕೊಟ್ಟಿಗೆಯ ತಗಡುಗಳು ಹೊಲದಲ್ಲಿ ಬಿದ್ದಿರುವುದೂ, ಬಾಳೆಯ ತೋಟವು ನೆಲಕ್ಕೊರಗಿರುವುದೂ, ವಿದ್ಯುತ್ತಿನ ಕಂಬಗಳು ಮುರಿದಿರುವುದೂ ಸಾಲಿಗ್ರಾಮ, ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ರೈತರಿಗೆ ಹೊಸ ಸಂಗತಿಗಳಲ್ಲ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆಯೆಂದು ಹಿರಿಯರು ಹೇಳುತ್ತಿದ್ದರು. ಆ ಮಳೆಯ ಮುಂದೆ ನಡೆದುಬರುವ ಗಾಳಿಗೂ ನಾವು ಸಿದ್ಧರಾಗಿರಬೇಕಾದುದು ಆವಶ್ಯಕವಾಗಿದೆ. ಈ ಸಿದ್ಧತೆಯು ಮೋಡವನ್ನು ಕಂಡ ಮೇಲೆ ಆಗತಕ್ಕದ್ದಲ್ಲ. ಆಕಾಶವು ನಿರ್ಮಲವಾಗಿರುವಾಗಲೇ ಆಗತಕ್ಕದ್ದು.

ಈ ಗಾಳಿಯು ಎಲ್ಲಿಂದ ಬರುತ್ತದೆ

ನಮಗೆ ಬರುವ ಗಾಳಿಯ ಉಪದ್ರವವು ಎರಡು ಬಗೆಯಾದುದು. ಮೊದಲನೆಯದು ಮುಂಗಾರಿಗೆ ಮುಂಚೆ, ಅಶ್ವಿನಿಯಿಂದ ರೋಹಿಣಿಯವರೆಗಿನ ಮಳೆಗಳಲ್ಲಿ ಬರುವ ಗುಡುಗಿನ ಗಾಳಿ. ಬೇಸಗೆಯ ಕಾವಿನಿಂದ ಮೇಲೇರಿದ ತೇವದ ಗಾಳಿಯು ಬಹಳ ಎತ್ತರಕ್ಕೆ ಮೋಡವಾಗಿ ಬೆಳೆಯುತ್ತದೆ. ಅದರಿಂದ ಮಳೆಯೂ ಆಲಿಕಲ್ಲೂ ಬೀಳತೊಡಗಿದಾಗ ಮೋಡದೊಳಗಿನ ಗಾಳಿಯು ತಣ್ಣಗಾಗಿ, ಭಾರವಾಗಿ, ಕೆಳಕ್ಕೆ ಕುಸಿಯುತ್ತದೆ. ಕೊಡದ ನೀರನ್ನು ಅಂಗಳದಲ್ಲಿ ಸುರಿದರೆ ಅದು ಸುತ್ತಲೂ ಹರಡುವಂತೆ, ಕುಸಿದ ಗಾಳಿಯು ನೆಲವನ್ನು ತಾಗಿ ನಾಲ್ಕು ಕಡೆಗೂ ನುಗ್ಗುತ್ತದೆ. ಮಳೆಯ ಹನಿಗೆ ಮುಂಚೆ ತಣ್ಣನೆಯ ಗಾಳಿಯೂ ಧೂಳೂ ಬರುವುದಕ್ಕೆ ಇದೇ ಕಾರಣ.

ಎರಡನೆಯದು ಸಮುದ್ರದ ಚಂಡಮಾರುತ. ಅಟ್ಲಾಂಟಿಕ್ ಸಾಗರದ ಕಡೆಯವರು ಹರಿಕೇನ್ ಎಂದೂ, ಚೀನಾ ಜಪಾನುಗಳ ಕಡೆ ಟೈಫೂನ್ ಎಂದೂ ಕರೆಯುವುದು ಇದನ್ನೇ. ೨೦೨೧ನೆಯ ಇಸವಿಯ ಮೇ ತಿಂಗಳಿನಲ್ಲಿ ತೌಕ್ತೆ ಎಂಬ ಚಂಡಮಾರುತವು ನಮ್ಮ ಕರಾವಳಿಯನ್ನು ಸವರಿಕೊಂಡು ಹೋಗಿ ಗುಜರಾತಿನಲ್ಲಿ ನೆಲವನ್ನು ಹೊಕ್ಕಿತು. ಮೈಸೂರು ಜಿಲ್ಲೆಯು ಸಮುದ್ರಕ್ಕೆ ದೂರವಾದುದರಿಂದ ಅಂಥ ಗಾಳಿಯ ಪೂರ್ಣ ರಭಸವು ಇಲ್ಲಿಗೆ ತಲಪುವುದಿಲ್ಲ. ಆದರೆ ಅದರ ಮಳೆಯು ತಲಪುವುದುಂಟು. ೨೦೨೪ನೆಯ ಇಸವಿಯ ನವೆಂಬರ್ ೩೦ರಂದು ಪುದುಚೇರಿಯ ಬಳಿ ದಡವನ್ನು ಸೇರಿದ ಫೆಂಗಲ್ ಚಂಡಮಾರುತವು ಶಕ್ತಿಗುಂದಿದ ಮೇಲೆಯೂ ಒಳನಾಡಿಗೆ ಸರಿದುಬಂದು, ಡಿಸೆಂಬರ್ ಮೊದಲಲ್ಲಿ, ರಾಗಿಯ ಕೊಯ್ಲಿನ ಕಾಲದಲ್ಲಿ, ಮೈಸೂರು ಚಾಮರಾಜನಗರ ಜಿಲ್ಲೆಗಳಲ್ಲಿ ಮಳೆ ಸುರಿಸಿತು.

ಗಾಳಿಯು ಅದುಮುವುದಿಲ್ಲ, ಎತ್ತುತ್ತದೆ

ತಗಡಿನ ಛಾವಣಿಯ ಮೇಲೆ ದಪ್ಪ ಕಲ್ಲುಗಳನ್ನೂ, ಹಳೆಯ ಟೈರುಗಳನ್ನೂ, ಮರಳಿನ ಚೀಲಗಳನ್ನೂ ಹೇರಿರುವುದನ್ನು ಪ್ರತಿ ಗ್ರಾಮದಲ್ಲಿಯೂ ಕಾಣಬಹುದು. ಭಾರವಿಟ್ಟರೆ ಛಾವಣಿಯು ಹಾರಲಾರದೆಂಬುದು ಜನರ ನಂಬಿಕೆ. ಈ ನಂಬಿಕೆಯು ಎಷ್ಟು ಅಪಾಯಕರವೆಂಬುದನ್ನು ತೋರಿಸುವುದೇ ಈ ಲೇಖನದ ಮುಖ್ಯ ಉದ್ದೇಶವಾಗಿದೆ.

ಗಾಳಿಯು ಮನೆಯ ಗೋಡೆಗೆ ಬಡಿದು, ಸೂರನ್ನು ದಾಟಿ ಮೇಲಕ್ಕೆ ಹರಿಯುವಾಗ ಛಾವಣಿಯ ಮೇಲ್ಭಾಗದಲ್ಲಿ ಒತ್ತಡವು ಕಡಮೆಯಾಗುತ್ತದೆ. ಒಳಗಿನ ಒತ್ತಡವು ಹೆಚ್ಚಾಗಿಯೇ ಉಳಿಯುತ್ತದೆ. ಆದುದರಿಂದ ಛಾವಣಿಯು ಕೆಳಕ್ಕೆ ಅದುಮಲ್ಪಡುವುದಕ್ಕೆ ಬದಲಾಗಿ ಮೇಲಕ್ಕೆ ಸೆಳೆಯಲ್ಪಡುತ್ತದೆ. ಈ ಸೆಳೆತವು ಸೂರಿನ ಅಂಚಿನಲ್ಲಿಯೂ ಮೂಲೆಗಳಲ್ಲಿಯೂ ಎಲ್ಲಕ್ಕಿಂತ ಹೆಚ್ಚು. ಅದೇ ವೇಳೆಯಲ್ಲಿ ಗಾಳಿಯ ದಿಕ್ಕಿನ ಬಾಗಿಲೊಂದು ಮುರಿದುಬಿದ್ದರೆ, ಹೊರಗಿನ ಗಾಳಿಯು ಒಳಹೊಕ್ಕು ಕೆಳಗಿನಿಂದಲೂ ಛಾವಣಿಯನ್ನು ನೂಕುತ್ತದೆ.

ಲೆಕ್ಕವನ್ನು ನೋಡೋಣ. ಗಾಳಿಯ ವೇಗವು ಎರಡರಷ್ಟಾದರೆ ಅದರ ಬಲವು ನಾಲ್ಕರಷ್ಟಾಗುವುದು. ಗಂಟೆಗೆ ೬೦ ಕಿಲೋಮೀಟರ್ ವೇಗದ ಗಾಳಿಯ ಬಲವು ಚದರ ಮೀಟರಿಗೆ ಸುಮಾರು ೧೭ ಕಿಲೋ ಭಾರಕ್ಕೆ ಸಮ. ೧೨೦ ಕಿಲೋಮೀಟರ್ ವೇಗದಲ್ಲಿ ಅದು ಸುಮಾರು ೬೮ ಕಿಲೋ. ೧೦ ಅಡಿ ಉದ್ದ, ಮೂರೂವರೆ ಅಡಿ ಅಗಲದ ಒಂದು ತಗಡು ಸುಮಾರು ೩.೨೫ ಚದರ ಮೀಟರ್ ವಿಸ್ತಾರವುಳ್ಳದ್ದು. ಅದರ ತೂಕವು ಸುಮಾರು ೧೫ ಕಿಲೋ. ೬೦ ಕಿಲೋಮೀಟರ್ ಗಾಳಿಯು ಅದನ್ನು ೫೫ ಕಿಲೋ ಬಲದಿಂದಲೂ, ೧೨೦ ಕಿಲೋಮೀಟರ್ ಗಾಳಿಯು ೨೨೦ ಕಿಲೋ ಬಲದಿಂದಲೂ ಎತ್ತಬಲ್ಲದು. ಐದೈದು ಕಿಲೋ ತೂಕದ ಆರು ಕಲ್ಲುಗಳನ್ನು ಅದರ ಮೇಲಿಟ್ಟರೂ ಒಟ್ಟು ಭಾರವು ೪೫ ಕಿಲೋ ಮಾತ್ರ. ತಗಡಿನ ಒಂದು ಅಂಚು ಎದ್ದೊಡನೆ ಕಲ್ಲುಗಳು ಉರುಳುತ್ತವೆ. ಉರುಳಿದ ಕಲ್ಲು ಬೀಳುವುದು ಎಲ್ಲಿ? ಹೊರಗೆ ಬಿದ್ದರೆ ದಾರಿಹೋಕರ ಮೇಲೆ. ಒಳಗೆ ಬಿದ್ದರೆ ಗಾಳಿಗೆ ಹೆದರಿ ಮೂಲೆಯಲ್ಲಿ ಕುಳಿತಿರುವ ಮಕ್ಕಳ ಮೇಲೆ. ಮನೆಯನ್ನು ಕಾಯಲೆಂದು ಇಟ್ಟ ಕಲ್ಲೇ ಮನೆಯವರ ಪ್ರಾಣಕ್ಕೆ ಎರವಾಗುವುದು.

ಮಂಗಳೂರು ಹೆಂಚಿನ ಛಾವಣಿಯು ಚದರ ಮೀಟರಿಗೆ ಸುಮಾರು ೪೦ ಕಿಲೋ ತೂಗುವುದರಿಂದ ಸಾಧಾರಣ ಗಾಳಿಯನ್ನು ತಡೆಯುತ್ತದೆ. ಅತಿ ರಭಸದ ಗಾಳಿಯಲ್ಲಿ ಅದೂ ಉಳಿಯದು. ಐ.ಎಸ್. ೮೭೫ ಎಂಬ ಭಾರತೀಯ ಮಾನಕದ ಮೂರನೆಯ ಭಾಗದಲ್ಲಿ, ಮೈಸೂರಿನ ಕಡೆ ಮನೆ ಕಟ್ಟುವವರು ಲೆಕ್ಕಕ್ಕೆ ಹಿಡಿಯತಕ್ಕ ಗಾಳಿಯ ಮೂಲವೇಗವನ್ನು ಸೆಕೆಂಡಿಗೆ ೩೩ ಮೀಟರ್, ಅಂದರೆ ಗಂಟೆಗೆ ಸುಮಾರು ೧೧೯ ಕಿಲೋಮೀಟರ್ ಎಂದು ನಿಗದಿಮಾಡಲಾಗಿದೆ. ಇದು ಎಡೆಬಿಡದೆ ಬೀಸುವ ಗಾಳಿಯ ವೇಗವಲ್ಲ, ಕೆಲವು ಕ್ಷಣ ಮಾತ್ರ ಬಡಿಯುವ ಗಾಳಿಯ ವೇಗ. ಆದರೆ ಛಾವಣಿಯು ಕಿತ್ತುಹೋಗುವುದಕ್ಕೆ ಆ ಕೆಲವು ಕ್ಷಣಗಳೇ ಸಾಕು.

ಜಾತ್ರೆಯಲ್ಲಿ ಕೊಂಡುತಂದ ಹೋರಿಯ ಬೆನ್ನಿನ ಮೇಲೆ ಕಲ್ಲು ಹೇರಿ, ಇನ್ನು ಇದು ಓಡದೆಂದು ನಿಶ್ಚಿಂತನಾಗಿ ಮಲಗುವ ರೈತನು ಯಾರಿದ್ದಾನೆ? ಹೋರಿಯನ್ನು ಗೂಟಕ್ಕೆ ಕಟ್ಟಿ, ಗೂಟವನ್ನು ನೆಲದಲ್ಲಿ ಆಳವಾಗಿ ಹುಗಿಯುವುದೇ ಕ್ರಮ. ಛಾವಣಿಗೂ ಇದೇ ನ್ಯಾಯವು ಸಲ್ಲತಕ್ಕದ್ದು. ತಗಡನ್ನು ಪಟ್ಟಿಗೆ, ಪಟ್ಟಿಯನ್ನು ತೊಲೆಗೆ, ತೊಲೆಯನ್ನು ಗೋಡೆಗೆ, ಗೋಡೆಯನ್ನು ಅಡಿಪಾಯಕ್ಕೆ ಬಿಗಿಯಬೇಕು. ಈ ಸರಪಣಿಯಲ್ಲಿ ಒಂದು ಕೊಂಡಿ ಸಡಿಲವಾಗಿದ್ದರೆ ಉಳಿದವೆಲ್ಲ ಗಟ್ಟಿಯಾಗಿದ್ದೂ ವ್ಯರ್ಥ. ೧೯೯೨ನೆಯ ಇಸವಿಯ ಆಗಸ್ಟಿನಲ್ಲಿ ಆಂಡ್ರೂ ಎಂಬ ಹರಿಕೇನು ಅಮೆರಿಕೆಯ ಫ್ಲೋರಿಡಾದಲ್ಲಿ ೨೫ ಸಾವಿರಕ್ಕೂ ಹೆಚ್ಚು ಮನೆಗಳನ್ನು ನಾಶಪಡಿಸಿತು. ತರುವಾಯ ಪರೀಕ್ಷಿಸಿ ನೋಡಿದವರಿಗೆ, ಎಷ್ಟೋ ಮನೆಗಳಲ್ಲಿ ಛಾವಣಿಯ ಹಲಗೆಗಳನ್ನು ಕೆಳಗಿನ ಮರಗಳಿಗೆ ಸರಿಯಾಗಿ ಬಿಗಿದಿರಲಿಲ್ಲವೆಂಬುದು ತಿಳಿದುಬಂದಿತು. ಐಶ್ವರ್ಯವಂತ ದೇಶದಲ್ಲಿಯೂ ಮನೆಗಳು ಹಾಳಾದುದು ಮೊಳೆಯ ಕೊರತೆಯಿಂದ.

ಯುಗಾದಿಗೆ ಮುಂಚೆ ಮಾಡತಕ್ಕ ಕೆಲಸಗಳು

ಸಂಕ್ರಾಂತಿಯ ಕಾಲದ ಚುಂಚನಕಟ್ಟೆಯ ಜಾತ್ರೆಯು ಮುಗಿದ ಮೇಲೆ ಯುಗಾದಿಯವರೆಗೆ ರೈತನಿಗೆ ಕೊಂಚ ಬಿಡುವಿರುವುದು. ಮನೆಯ ಛಾವಣಿಯನ್ನು ಪರೀಕ್ಷಿಸುವುದಕ್ಕೆ ಇದೇ ತಕ್ಕ ಕಾಲ.

ತಗಡಿನ ಛಾವಣಿ: ಬರಿಯ ಮೊಳೆಯಿಂದ ಹೊಡೆದ ತಗಡು ಗಾಳಿಗೆ ಅಲುಗಾಡಿ ಕಳಚಿಕೊಳ್ಳುವುದು. ಕೆಳಗಿನ ಪಟ್ಟಿಯನ್ನು ಸುತ್ತಿ ಹಿಡಿಯುವ ಕೊಕ್ಕೆಯ ಬೋಲ್ಟುಗಳನ್ನು ಉಪಯೋಗಿಸಬೇಕು. ಅಂಗಡಿಗಳಲ್ಲಿ ಇವನ್ನು ಜೆ-ಹುಕ್ಕು ಎನ್ನುವರು. ಸೂರಿನಲ್ಲಿಯೂ, ಮೇಲಿನ ಏಣಿನಲ್ಲಿಯೂ, ಎರಡು ಪಕ್ಕದ ಅಂಚುಗಳಲ್ಲಿಯೂ ಒಂದು ಉಬ್ಬು ಬಿಟ್ಟು ಇನ್ನೊಂದು ಉಬ್ಬಿಗೆ ಬೋಲ್ಟು ಬೀಳಬೇಕು. ನಡುಭಾಗದಲ್ಲಿ ಇನ್ನೂ ವಿರಳವಾಗಿದ್ದರೆ ಬಾಧಕವಿಲ್ಲ. ಬೋಲ್ಟನ್ನು ತಗಡಿನ ಉಬ್ಬಿನ ಮೇಲೆಯೇ ಹಾಕಿ, ಅಗಲವಾದ ವಾಷರನ್ನು ಕೊಟ್ಟು ಬಿಗಿದರೆ ನೀರು ಸೋರುವುದಿಲ್ಲ, ತಗಡು ಹರಿಯುವುದಿಲ್ಲ. ತುಕ್ಕು ಹಿಡಿದ ಬೋಲ್ಟುಗಳನ್ನು ಪ್ರತಿವರ್ಷವೂ ಬದಲಾಯಿಸಬೇಕು. ಬೋಲ್ಟು ಬಿಗಿದ ಮೇಲೆ ಕಲ್ಲು, ಟೈರುಗಳನ್ನೆಲ್ಲ ಕೆಳಗಿಳಿಸಬೇಕು.

ಹೆಂಚಿನ ಛಾವಣಿ: ಮಂಗಳೂರು ಹೆಂಚಿನ ಹಿಂಭಾಗದ ಗುಬ್ಬಿಯಲ್ಲಿ ಒಂದು ಸಣ್ಣ ತೂತಿರುವುದನ್ನು ಅನೇಕರು ಗಮನಿಸಿರಲಾರರು. ತಂತಿಯನ್ನು ಪೋಣಿಸಿ ಹೆಂಚನ್ನು ರೀಪಿಗೆ ಕಟ್ಟುವುದಕ್ಕಾಗಿ ಅದು ಇರುವುದು. ಎಲ್ಲ ಹೆಂಚುಗಳನ್ನೂ ಕಟ್ಟಲು ಸಾಧ್ಯವಾಗದಿದ್ದರೆ ಸೂರಿನ ಎರಡು ಸಾಲು, ಪಕ್ಕದ ಅಂಚುಗಳ ಎರಡು ಸಾಲು, ಇಷ್ಟನ್ನಾದರೂ ಕಟ್ಟಲೇಬೇಕು. ಏಣಿನ ಹೆಂಚುಗಳನ್ನು ಗಾರೆಯಿಂದ ಕೂರಿಸಬೇಕು. ಬಿರಿದ ಹೆಂಚುಗಳನ್ನು ತೆಗೆದು ಹೊಸದನ್ನು ಹೊದಿಸಬೇಕು. ಒಂದು ಹೆಂಚು ಹೋದ ಜಾಗದಿಂದ ಗಾಳಿಯು ಹತ್ತನ್ನು ಕೀಳುವುದು.

ತೊಲೆ ಮತ್ತು ಗೋಡೆ: ತೊಲೆಯನ್ನು ಗೋಡೆಯ ಮೇಲೆ ಸುಮ್ಮನೆ ಇಟ್ಟಿರುವ ಮನೆಗಳೇ ಹೆಚ್ಚು. ಕಬ್ಬಿಣದ ಪಟ್ಟಿಯನ್ನು ತೊಲೆಯ ಮೇಲಿನಿಂದ ಬಳಸಿ, ಅದರ ಎರಡು ತುದಿಗಳನ್ನೂ ಗೋಡೆಯೊಳಗೆ ಎರಡು ಮೂರು ಅಡಿ ಕೆಳಗಿನವರೆಗೆ ಇಳಿಸಿ ಕಾಂಕ್ರೀಟಿನಿಂದ ಹಿಡಿಸಿದರೆ, ಗೋಡೆಯ ಭಾರವೆಲ್ಲವೂ ಛಾವಣಿಯನ್ನು ಹಿಡಿದುಕೊಳ್ಳುವುದು. ಹಿಂದೆ ಹೇಳಿದ ಗೂಟವೆಂದರೆ ಇದೇ. ಹೊಸದಾಗಿ ಕಟ್ಟುವವರು ಸೂರನ್ನು ಗೋಡೆಯಿಂದ ಒಂದೂವರೆ ಅಡಿಗಿಂತ ಹೆಚ್ಚು ಹೊರಕ್ಕೆ ಚಾಚಬಾರದು. ಜಗುಲಿಯ ಛಾವಣಿಯನ್ನು ಮನೆಯ ಛಾವಣಿಗೆ ಒಂದಾಗಿ ಸೇರಿಸದೆ ಬೇರೆಯಾಗಿಯೇ ನಿಲ್ಲಿಸುವುದು ಲೇಸು. ಜಗುಲಿಯದು ಹಾರಿದರೂ ಮನೆಯದು ಉಳಿದೀತು.

ಬ್ಯಾರನ್ನುಗಳು: ಹುಣಸೂರು, ಪಿರಿಯಾಪಟ್ಟಣ ಕಡೆಯ ವರ್ಜೀನಿಯಾ ಹೊಗೆಸೊಪ್ಪಿನ ಬೆಳೆಗಾರರು ಬ್ಯಾರನ್ನುಗಳ ವಿಷಯದಲ್ಲಿ ವಿಶೇಷ ಗಮನವಿಡಬೇಕು. ಮುಂಗಾರಿಗೆ ಮುಂಚಿನ ತಿಂಗಳುಗಳಲ್ಲಿ ಇವು ಬರಿದಾಗಿರುತ್ತವೆ. ಮೇಲಿನ ಕಿಂಡಿಗಳೂ ಕೆಳಗಿನ ಗಾಳಿಗಂಡಿಗಳೂ ತೆರೆದೇ ಇರುತ್ತವೆ. ಎತ್ತರವಾದ ಕಟ್ಟಡ, ಬರಿದಾದ ಒಳಗು, ತೆರೆದ ಗಂಡಿ, ಈ ಮೂರೂ ಸೇರಿದರೆ ಗಾಳಿಗೆ ಆಹ್ವಾನವಿತ್ತಂತಾಗುವುದು. ಕಿಂಡಿಗಳನ್ನೂ ಬಾಗಿಲನ್ನೂ ಭದ್ರವಾಗಿ ಮುಚ್ಚಿಡಬೇಕು. ಮಳೆಗಾಳಿಯ ದಿನಗಳಲ್ಲಿ ಕೂಲಿಯವರನ್ನು ಬ್ಯಾರನ್ನಿನೊಳಗೆ ಮಲಗಗೊಡಬಾರದು.

ಮರಗಳು ಮತ್ತು ತಂತಿಗಳು: ಛಾವಣಿಯ ಮೇಲೆ ಬಾಗಿರುವ ಕೊಂಬೆಗಳನ್ನು ಕಡಿಸಬೇಕು. ಮನೆಯ ಬಳಿಯ ತೆಂಗಿನ ಮರದ ಒಣಗರಿಗಳನ್ನೂ ಬಲಿತ ಕಾಯಿಗಳನ್ನೂ ಇಳಿಸಬೇಕು. ಜೋತುಬಿದ್ದ ವಿದ್ಯುತ್ ತಂತಿ, ವಾಲಿದ ಕಂಬಗಳಿದ್ದರೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ ೧೯೧೨ ಸಂಖ್ಯೆಯಲ್ಲಿ ಮೊದಲೇ ತಿಳಿಸಬೇಕು.

ಮೋಡವು ಎದ್ದ ಮೇಲೆ

ಭಾರತೀಯ ಹವಾಮಾನ ಇಲಾಖೆಯು ಹಳದಿ, ಕಿತ್ತಳೆ, ಕೆಂಪು ಎಂಬ ಬಣ್ಣಗಳಿಂದ ಎಚ್ಚರಿಕೆಯನ್ನು ಕೊಡುತ್ತದೆ. ಹಳದಿಗೆ ಗಮನವಿಟ್ಟಿರುವುದು, ಕಿತ್ತಳೆಗೆ ಸಿದ್ಧರಾಗಿರುವುದು, ಕೆಂಪಿಗೆ ಕೂಡಲೇ ಕಾರ್ಯಪ್ರವೃತ್ತರಾಗುವುದು ಕ್ರಮ. ಮುಂದಿನ ಮೂರು ಗಂಟೆಗಳ ಗುಡುಗು ಗಾಳಿಗಳ ಸೂಚನೆಯನ್ನೂ ಆ ಇಲಾಖೆಯು ಹೊರಡಿಸುತ್ತದೆ. ಸಿಡಿಲಿನ ಸೂಚನೆಗೆ ದಾಮಿನಿ ಎಂಬ ಮೊಬೈಲ್ ಸಾಧನವಿದೆ. ಮನೆಗೊಬ್ಬ ಯುವಕನು ಇವನ್ನು ದಿನವೂ ನೋಡಿ ಹಿರಿಯರಿಗೆ ತಿಳಿಸುವ ರೂಢಿಯಾಗಬೇಕು.

ಮೋಡವು ಎದ್ದೊಡನೆ ಅಂಗಳದಲ್ಲಿರುವ ಬಿಡಿ ತಗಡು, ಹಲಗೆ, ಪ್ಲಾಸ್ಟಿಕ್ ಡ್ರಮ್ಮುಗಳನ್ನು ಒಳಗೆ ಹಾಕಬೇಕು ಅಥವಾ ಕಟ್ಟಬೇಕು. ಎಲ್ಲ ದಿಕ್ಕಿನ ಬಾಗಿಲು ಕಿಟಕಿಗಳನ್ನೂ ಮುಚ್ಚಿ ಅಗುಳಿ ಹಾಕಬೇಕು. ಗಾಳಿ ಹೊರಹೋಗಲೆಂದು ಒಂದು ಕಿಟಕಿಯನ್ನು ತೆರೆದಿಡುವ ಪದ್ಧತಿಯು ಒಳ್ಳೆಯದಲ್ಲ. ವಿದ್ಯುತ್ತಿನ ಮೈನನ್ನು ಆರಿಸಬೇಕು. ಒಲೆಯ ಬೆಂಕಿಯನ್ನು ನಂದಿಸಬೇಕು. ಮಿಂಚು ಕಂಡು ಮೂವತ್ತು ಎಣಿಸುವುದರೊಳಗಾಗಿ ಗುಡುಗು ಕೇಳಿದರೆ ಸಿಡಿಲು ಸುಮಾರು ಹತ್ತು ಕಿಲೋಮೀಟರಿನೊಳಗೆ ಇದೆಯೆಂದು ತಿಳಿದು, ಹೊಲದಲ್ಲಿರುವವರು ಮನೆಯನ್ನು ಸೇರಬೇಕು. ಮರದ ಕೆಳಗೆ ನಿಲ್ಲಬಾರದು. ಕಡೆಯ ಗುಡುಗಿನ ತರುವಾಯ ಅರ್ಧ ಗಂಟೆ ಹೊರಗೆ ಹೋಗಬಾರದು.

ದನಗಳನ್ನು ಮರಕ್ಕೆ ಕಟ್ಟಿದ್ದರೆ ಬಿಚ್ಚಿ ತರಬೇಕು. ಕೊಟ್ಟಿಗೆಯಲ್ಲಿ ಗೂಟದ ಗಂಟು ಒಂದೇ ಎಳೆತಕ್ಕೆ ಬಿಚ್ಚುವಂಥದಾಗಿರಬೇಕು. ಕೊಟ್ಟಿಗೆಯ ಛಾವಣಿಯ ವಿಷಯದಲ್ಲಿ ಸಂದೇಹವಿದ್ದರೆ ದನಗಳನ್ನು ಕಟ್ಟದೆ ಬಿಡುವುದು ಲೇಸು. ಮನೆಯವರು ತಾರಸಿಯ ಕೆಳಗಿನ ಕೋಣೆಯಲ್ಲಿಯೋ, ಅದಿಲ್ಲದಿದ್ದರೆ ಒಳಗಿನ ಗಟ್ಟಿ ಗೋಡೆಯ ಸಣ್ಣ ಕೋಣೆಯಲ್ಲಿಯೋ ಇರಬೇಕು. ಎಷ್ಟೇ ನಷ್ಟವಾಗುವಂತಿದ್ದರೂ ಗಾಳಿಯು ಬೀಸುತ್ತಿರುವಾಗ ತಗಡನ್ನು ಹಿಡಿದುಕೊಳ್ಳುವುದಕ್ಕೆ ಯಾರೂ ಮೇಲೆ ಹತ್ತಬಾರದು. ಲೆಕ್ಕವನ್ನು ಹಿಂದೆಯೇ ಹೇಳಿದೆ. ೨೨೦ ಕಿಲೋ ಬಲವನ್ನು ಹಿಡಿಯಬಲ್ಲ ತೋಳು ಯಾರಿಗೂ ಇಲ್ಲ.

ಪರಿಹಾರವನ್ನು ನೆಚ್ಚಿ ಕೂರಬಾರದು

೨೦೨೨-೨೩ರಿಂದ ೨೦೨೫-೨೬ರವರೆಗಿನ ಅವಧಿಗೆ ಕೇಂದ್ರ ಸರ್ಕಾರವು ಗೊತ್ತುಮಾಡಿದ ವಿಪತ್ತು ಪರಿಹಾರದ ನಿಯಮಗಳಲ್ಲಿ ಬಯಲುಸೀಮೆಯಲ್ಲಿ ಪೂರ್ಣ ಹಾಳಾದ ಮನೆಗೆ ೧,೨೦,೦೦೦ ರೂಪಾಯಿ, ಸತ್ತ ಹಾಲು ಕರೆಯುವ ಹಸು ಎಮ್ಮೆಗಳಿಗೆ ತಲಾ ೩೭,೫೦೦ ರೂಪಾಯಿ, ಉಳುವ ಎತ್ತಿಗೆ ೩೨,೦೦೦ ರೂಪಾಯಿ ಎಂದಿದ್ದಿತು. ಮನೆಗೆ ಸೇರಿದ ಕೊಟ್ಟಿಗೆಗೆ ಇದ್ದುದು ೩,೦೦೦ ರೂಪಾಯಿ. ಮೂರು ಸಾವಿರಕ್ಕೆ ಎಂಥ ಕೊಟ್ಟಿಗೆಯನ್ನು ಕಟ್ಟಬಹುದೆಂಬುದನ್ನು ವಾಚಕರೇ ಯೋಚಿಸಲಿ. ಪರಿಹಾರವು ಬಿದ್ದವನನ್ನು ಏಳಿಸುವ ಕೈಗೋಲೇ ಹೊರತು ಮನೆಯನ್ನು ಕಾಯುವ ಗೋಡೆಯಲ್ಲ.

ಬೆಳೆವಿಮೆಯನ್ನು ಮಾಡಿಸಿರುವವರು ಒಂದು ಸಂಗತಿಯನ್ನು ನೆನಪಿಡಬೇಕು. ಕೊಯ್ದು ಹೊಲದಲ್ಲಿ ಒಣಗಲು ಹರಡಿದ ಫಸಲಿಗೆ ಹದಿನಾಲ್ಕು ದಿನಗಳೊಳಗೆ ಚಂಡಮಾರುತದ ಮಳೆಯಿಂದಲೋ ಅಕಾಲದ ಮಳೆಯಿಂದಲೋ ನಷ್ಟವಾದರೆ, ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಅದಕ್ಕೂ ಅವಕಾಶವಿದೆ. ಆದರೆ ನಷ್ಟವಾದ ೭೨ ಗಂಟೆಗಳೊಳಗಾಗಿ ತಿಳಿಸಬೇಕು. ಪಹಣಿ, ಆಧಾರ್, ಪಡಿತರ ಚೀಟಿ, ಬ್ಯಾಂಕಿನ ಪುಸ್ತಕಗಳನ್ನು ನೀರು ಹೋಗದ ಚೀಲದಲ್ಲಿಟ್ಟು, ಮನೆ ಕೊಟ್ಟಿಗೆಗಳ ಭಾವಚಿತ್ರಗಳನ್ನು ಮಳೆಗಾಲಕ್ಕೆ ಮುಂಚೆಯೇ ತೆಗೆದಿಡುವುದು ಮೇಲು.

ಊರಿನ ಯಜಮಾನರ ಹೊಣೆ

ಪಟೇಲಿಕೆ ಶ್ಯಾನುಭೋಗಿಕೆಗಳ ವತನವು ೧೯೬೩ನೆಯ ಇಸವಿಯಲ್ಲಿಯೇ ರದ್ದಾಯಿತು. ಆದರೆ ಗಾಳಿಮಳೆ ಬಂದ ರಾತ್ರಿ ಜನರು ಈಗಲೂ ಊರಿನ ದೊಡ್ಡ ಮನೆಯ ಕಡೆಗೇ ನೋಡುತ್ತಾರೆ. ವತನವು ಹೋದರೂ ಹೊಣೆಯು ಹೋಗಲಿಲ್ಲ.

ದೊಡ್ಡ ಹಿಡುವಳಿದಾರರ ಮನೆಗಳು ಇಂದು ಹೆಚ್ಚಾಗಿ ತಾರಸಿಯ ಮನೆಗಳು. ಗಾಳಿಗೆ ಹಾರುವುದು ಅವರ ಹೊಲದಲ್ಲಿ ದುಡಿಯುವವರ ತಗಡಿನ ಮನೆಗಳು. ಹಾರಿದ ತಗಡಿಗೆ ಯಜಮಾನನೆಂದೂ ಕೂಲಿಯವನೆಂದೂ ಭೇದವಿಲ್ಲ. ಕೇರಿಯ ಒಂದು ಮನೆಯ ತಗಡು ಬೀದಿಯಲ್ಲಿ ಬರುವ ಯಾರ ಕುತ್ತಿಗೆಯನ್ನಾದರೂ ಕೊಯ್ಯಬಲ್ಲದು. ಆದುದರಿಂದ ಒಂದು ಮನೆಯನ್ನು ಭದ್ರಪಡಿಸಿದರೆ ಸಾಲದು, ಇಡೀ ಬೀದಿಯನ್ನು ಭದ್ರಪಡಿಸಬೇಕು. ಯಜಮಾನರು ಪಂಚಾಯಿತಿಯವರೊಡನೆ ಸೇರಿ ಯುಗಾದಿಗೆ ಮುಂಚೆ ಒಂದು ದಿನ ಊರನ್ನು ಸುತ್ತಿ, ಕಲ್ಲು ಹೇರಿದ ಛಾವಣಿಗಳೆಷ್ಟು ಎಂಬುದನ್ನು ಪಟ್ಟಿ ಮಾಡಲಿ. ಬೋಲ್ಟು, ವಾಷರು, ತಂತಿಗಳನ್ನು ಊರಿಗೆಲ್ಲ ಒಟ್ಟಾಗಿ ತರಿಸಿ, ಕೆಲಸ ಬಲ್ಲ ಬಡಗಿಯನ್ನೋ ವೆಲ್ಡಿಂಗಿನವನನ್ನೋ ಗೊತ್ತುಮಾಡಲಿ. ಕೈಲಾಗದ ವೃದ್ಧರ, ವಿಧವೆಯರ ಮನೆಗಳ ಕೆಲಸವನ್ನು ಮೊದಲು ಮಾಡಿಸಲಿ. ಶಾಲೆಯೋ ಸಮುದಾಯ ಭವನವೋ ಗಟ್ಟಿಯಾಗಿದ್ದರೆ ಅದರ ಬೀಗದ ಕೈ ಗಾಳಿಯ ತಿಂಗಳುಗಳಲ್ಲಿ ಯಾರ ಬಳಿ ಇರುವುದೆಂಬುದು ಊರಿಗೆಲ್ಲ ತಿಳಿದಿರಲಿ. ರಾತ್ರಿ ಹನ್ನೊಂದು ಗಂಟೆಯ ಗಾಳಿಯಲ್ಲಿ ಬೀಗದ ಕೈ ಹುಡುಕುವುದೆಂದರೆ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆಯೇ ಸರಿ.

ಗಾಳಿಯನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಅದು ಬಂದಾಗ ಛಾವಣಿಯು ಎಲ್ಲಿರಬೇಕೆಂಬುದು ಮಾತ್ರ ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಈ ಲೇಖನವನ್ನು ಓದಿದ ಯಜಮಾನರೂ ಭೂಮಾಲೀಕರೂ ಇತರ ಕೆಲಸಗಳೆಲ್ಲವನ್ನೂ ಒಂದೇ ಸಲ ಮಾಡಲಾರದಿದ್ದರೂ, ಇದೊಂದನ್ನು ಮಾತ್ರ ಅಶ್ವಿನಿಯ ಮೊದಲ ಗುಡುಗಿಗೆ ಮುಂಚೆ ಮಾಡಿಸಬೇಕೆಂದು ಪ್ರಾರ್ಥನೆ: ತಮ್ಮ ಗ್ರಾಮದ ತಗಡುಗಳನ್ನೆಲ್ಲ ಬೋಲ್ಟಿನಿಂದ ಬಿಗಿಸಿ, ಅವುಗಳ ಮೇಲಿರುವ ಕಲ್ಲುಗಳನ್ನು ಕೆಳಗಿಳಿಸಿರಿ.